ನೈಟ್ ಶಿಫ್ಟ್ ಮುಗಿಸಿ ಬಂದ ಮುಖ

ನನ್ನ ಅಕ್ಕನ ಮಗಳು ನರಸಾಪುರದ ಕಡೆ ಒಂದು ಫ್ಯಾಕ್ಟರಿಗೆ ಸೇರಿ ಒಂದೂವರೆ ವರ್ಷವಾಯಿತು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದು. ನೈಟ್ ಶಿಫ್ಟ್ ಇದ್ದಾಗ ಬೆಳಗ್ಗೆ ಏಳರ ಹೊತ್ತಿಗೆ ಕಂಪನಿ ಬಸ್ಸು ಅವಳನ್ನು ಕೋಲಾರದಲ್ಲಿ ಇಳಿಸುತ್ತದೆ. ನಾಲ್ಕು ಹುಡುಗಿಯರ ಒಂದು ರೂಮು. ಒಬ್ಬಳು ಮಲಗುವ ಹೊತ್ತಿಗೆ ಇನ್ನೊಬ್ಬಳು ಎದ್ದು ಕುಕ್ಕರ್ ಇಡುತ್ತಾಳೆ.

ಹೋದ ಬೇಸಿಗೆಯಲ್ಲಿ ಒಂದು ಶನಿವಾರ ಮನೆಗೆ ಬಂದಳು. ದುಪಟ್ಟಾ ಮುಖದ ಮುಕ್ಕಾಲು ಭಾಗ ಮುಚ್ಚಿತ್ತು.

"ಏನಮ್ಮಾ ಇದು?" ಅಂದೆ.

"ಬಿಸಿಲು ಬಿದ್ರೆ ಉರಿಯುತ್ತೆ ಮಾಮ."

ದುಪಟ್ಟಾ ತೆಗೆದಾಗ ಕೆನ್ನೆ ಎರಡೂ ಮೆಣಸಿನಪುಡಿ ಸವರಿದ ಹಾಗಿದ್ದವು. ದವಡೆಯ ಅಂಚಿಗೆ ಮೊಡವೆಯ ಸಾಲು. ಕಿವಿಯ ಮುಂದೆ, ತುಟಿಯ ಮೇಲೆ ಮೊದಲಿಲ್ಲದ ಸಣ್ಣ ಕೂದಲು. ಬ್ಯಾಗಿನಲ್ಲಿ ಒಂದು ಟ್ಯೂಬಿತ್ತು. ಕೆಲಸಕ್ಕೆ ಸೇರಿ ಮೂರು ತಿಂಗಳಿಗೆ ಮೊಡವೆ ಜಾಸ್ತಿಯಾದವಂತೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಇದನ್ನು ಕೊಟ್ಟರಂತೆ. ಹತ್ತು ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಲೈನಿನಲ್ಲಿ ಪಕ್ಕದಲ್ಲಿ ನಿಲ್ಲುವವರೆಲ್ಲ "ಏನೇ ಹಚ್ತೀಯಾ?" ಅಂತ ಕೇಳಿದ್ದೇ ಕೇಳಿದ್ದು. ಎರಡು ತಿಂಗಳಾದ ಮೇಲೆ ಬಿಸಿಲು ತಡೆಯದಾಯಿತು. ಭಯವಾಗಿ ನಿಲ್ಲಿಸಿದಳು. ನಿಲ್ಲಿಸಿದ ನಾಲ್ಕೇ ದಿನಕ್ಕೆ ಮುಖ ಹೀಗೆ ಕೆರಳಿತು. ಮತ್ತೆ ಹಚ್ಚಿದಳು, ತಣ್ಣಗಾಯಿತು. ಮತ್ತೆ ಬಿಟ್ಟಳು, ಮತ್ತೆ ಉರಿ.

ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಬಣ್ಣ ತಿಳಿಮಾಡುತ್ತದೆ, ಎರಡನೆಯದು ಚರ್ಮದ ಮೇಲ್ಪದರವನ್ನು ಬೇಗ ಬೇಗ ಬದಲಿಸುತ್ತದೆ. ಮೂರನೆಯದು ಸ್ಟೀರಾಯ್ಡ್. ಭಂಗು ಇರುವವರಿಗೆ ಚರ್ಮದ ಡಾಕ್ಟರು ಕೆಲವು ವಾರ ಲೆಕ್ಕ ಹಾಕಿ ಕೊಡುವ ಔಷಧ ಇದು. ನಮ್ಮಲ್ಲಿ ಮಾತ್ರ ಬೆಳ್ಳಗಾಗುವ ಕ್ರೀಮು ಎಂಬ ಹೆಸರಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ.

ಈ ಲೇಖನ ಬರೆಯಲು ಕೂತಿದ್ದು ಆ ಮೂರನೆಯ ಹೆಸರಿಗಾಗಿ. ನಿದ್ದೆಗೆಟ್ಟ, ಒತ್ತಡದಲ್ಲಿರುವ ಮೈ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೊತ್ತಲ್ಲದ ಹೊತ್ತಿನಲ್ಲಿ, ಬೇಕಾದ್ದಕ್ಕಿಂತ ಜಾಸ್ತಿ ಸುರಿಸುತ್ತದೆ. ಚರ್ಮ ಹಾಳಾಗಲು ಅದೂ ಒಂದು ಕಾರಣ. ಟ್ಯೂಬಿನಲ್ಲಿರುವ ಸ್ಟೀರಾಯ್ಡ್ ಅದೇ ಕಾರ್ಟಿಸಾಲ್ ಕುಲದ್ದು. ಒಳಗಿಂದ ಬರುತ್ತಿರುವುದು ಸಾಲದು ಅಂತ ಹೊರಗಿಂದಲೂ ಅದನ್ನೇ ಹಚ್ಚುತ್ತಿದ್ದೇವೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚರ್ಮದ ತೀರಾ ಮೇಲಿನ ಪದರವನ್ನು ಹೆಂಚಿನ ಮನೆಯ ಸೂರು ಅಂದುಕೊಳ್ಳಿ. ಒಂದರ ಮೇಲೊಂದು ಜೋಡಿಸಿಟ್ಟ ಸತ್ತ ಜೀವಕೋಶಗಳೇ ಹೆಂಚು. ಸಂದಿಯಲ್ಲಿ ಕೊಬ್ಬಿನ ಗಾರೆ. ಈ ಗಾರೆ ಗಟ್ಟಿ ಇದ್ದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ಬಾರದು. ಸೂರು ಸುಮಾರು ನಾಲ್ಕು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ, ವಯಸ್ಸಾದಂತೆ ಇನ್ನೂ ನಿಧಾನ. ಕಾರ್ಟಿಸಾಲ್ ಮೇಲೆಯೇ ಇದ್ದರೆ ಗಾರೆ ಕಲಸುವ ಕೆಲಸ ಕುಂಟುತ್ತದೆ, ಕೊಬ್ಬು ಸಾಕಷ್ಟು ತಯಾರಾಗುವುದಿಲ್ಲ. ಸೂರು ಸೋರುತ್ತದೆ. ಚರ್ಮ ಒಣಗುತ್ತದೆ, ಕೆರೆಯುತ್ತದೆ, ಸಣ್ಣದಕ್ಕೂ ಉರಿಯುತ್ತದೆ. ಸ್ಟೀರಾಯ್ಡ್ ಕ್ರೀಮು ತಿಂಗಳುಗಟ್ಟಲೆ ಹಚ್ಚಿದಾಗಲೂ ಆಗುವುದು ಇದೇ.

ಮತ್ತೆ ಮೊದಲ ಹತ್ತು ದಿನ ಮುಖ ಹೊಳೆದದ್ದು ಹೇಗೆ? ಸ್ಟೀರಾಯ್ಡ್ ಉರಿಯೂತವನ್ನು ಅಮುಕುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೆಂಪು ಮಾಯ. ಗುಣವಾಯಿತು ಅಂದುಕೊಳ್ಳುತ್ತೇವೆ. ಆ ಹತ್ತು ದಿನದ ನಂಬಿಕೆಯ ಮೇಲೇ ಈ ವ್ಯಾಪಾರ ನಿಂತಿದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಟೀರಾಯ್ಡ್ ಕೆಟ್ಟ ಔಷಧ ಅಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ಸರಿಯಾಗಿ ಬಳಸಿದರೆ ಅದರಷ್ಟು ಉಪಕಾರಿ ಕಡಿಮೆ. ಹೆದರಿ ಡಾಕ್ಟರು ಬರೆದದ್ದನ್ನೂ ಬಿಡುವುದು ಇನ್ನೊಂದು ತಪ್ಪು.

ನಿದ್ದೆಗೂ ಚರ್ಮಕ್ಕೂ ಸಂಬಂಧ ಇದೆ ಅಂತ ಅಜ್ಜಿಯರು ಹೇಳುತ್ತಲೇ ಬಂದಿದ್ದಾರೆ. ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ನನಗೆ ಬಹಳ ಹಿಡಿಸಿದ್ದು 1998ರಲ್ಲಿ ಅಮೆರಿಕದ ಓಹಾಯೋದಲ್ಲಿ ಮಾಡಿದ್ದು. 11 ಜನ ದಂತವೈದ್ಯಕೀಯ ವಿದ್ಯಾರ್ಥಿಗಳ ಬಾಯಿಯ ಅಂಗುಳದಲ್ಲಿ 3.5 ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಒಂದು ಸಲ ಬೇಸಿಗೆ ರಜೆಯಲ್ಲಿ, ಇನ್ನೊಂದು ಸಲ ಪರೀಕ್ಷೆಗೆ ಮೂರು ದಿನ ಇರುವಾಗ. ಅದೇ ಬಾಯಿ, ಅದೇ ಅಳತೆಯ ಗಾಯ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು 40 ಶೇಕಡಾ ಹೆಚ್ಚು ಸಮಯ ಹಿಡಿಯಿತು. ಒಬ್ಬರಿಗಾದರೂ ಪರೀಕ್ಷೆಯ ಗಾಯ ಬೇಗ ಮಾಯಲಿಲ್ಲ. ಅದೇ ತಂಡದವರು 1995ರಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೂ ಇಂಥದ್ದೇ ಗಾಯ ಮಾಡಿ ನೋಡಿದ್ದರು. ಬೇರೆಯವರಿಗಿಂತ ಅವರಿಗೆ ಸರಾಸರಿ 9 ದಿನ ಜಾಸ್ತಿ ಬೇಕಾಯಿತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನೋ ಅಮ್ಮನನ್ನೋ ನೋಡಿಕೊಂಡವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಮೊಡವೆಯ ವಿಷಯಕ್ಕೆ 2003ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು 22 ವಿದ್ಯಾರ್ಥಿಗಳನ್ನು ನೋಡಿದರು. ಪರೀಕ್ಷೆ ಬಂದಾಗ ಮೊಡವೆ ಹೆಚ್ಚಿದವು. ಮೊಡವೆ ಹೆಚ್ಚಿದ್ದಕ್ಕೂ ಅವರೇ ಹೇಳಿಕೊಂಡ ಒತ್ತಡಕ್ಕೂ ತಾಳೆಯಾಯಿತು. 1999ರಲ್ಲಿ ಶಿಕಾಗೋದಲ್ಲಿ 11 ಯುವಕರಿಗೆ ಆರು ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟರು. ಸಂಜೆಗೆ ಇಳಿದಿರಬೇಕಾದ ಕಾರ್ಟಿಸಾಲ್ ಇಳಿದಿರಲಿಲ್ಲ. ಸಕ್ಕರೆಯನ್ನು ಅರಗಿಸುವ ಶಕ್ತಿಯೂ ಕುಂದಿತ್ತು. ಆ ಸಕ್ಕರೆಯ ಮಾತಿಗೆ ಆಮೇಲೆ ಬರುತ್ತೇನೆ.

ಇವೆಲ್ಲ ಹತ್ತಿಪ್ಪತ್ತು ಜನರ ಪ್ರಯೋಗಗಳು. ನಿದ್ದೆಗೆಟ್ಟವರಿಗೆಲ್ಲ ಮೊಡವೆ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಮೊಡವೆಗೆ ಜಿಡ್ಡು, ಹಾರ್ಮೋನು, ಮನೆತನ ಎಲ್ಲವೂ ಬೇಕು. ಒತ್ತಡ, ನಿದ್ದೆಗೇಡು ಸೌದೆಗೆ ಬೀಳುವ ಸೀಮೆಎಣ್ಣೆ. ಸೌದೆ ಇದ್ದ ಕಡೆ ಮಾತ್ರ ಹತ್ತಿಕೊಳ್ಳುತ್ತದೆ. ಅದಕ್ಕೇ ಒಂದೇ ರೂಮಿನ ನಾಲ್ವರಲ್ಲಿ ಒಬ್ಬಳಿಗೆ ಮೊಡವೆ, ಇನ್ನೊಬ್ಬಳಿಗೆ ಮೊಣಕೈ ಮಡಿಕೆಯಲ್ಲಿ ತುರಿಕೆ, ಮತ್ತೊಬ್ಬಳಿಗೆ ಕೂದಲು ಉದುರುವುದು, ನಾಲ್ಕನೆಯವಳಿಗೆ ಏನೂ ಇಲ್ಲ.

ಚರ್ಮಕ್ಕೂ ಒಂದು ಗಡಿಯಾರವಿದೆ. ಮಿದುಳಿನಲ್ಲಿ ದೊಡ್ಡ ಗಡಿಯಾರ, ಚರ್ಮದ ಜೀವಕೋಶಗಳಲ್ಲಿ ಸಣ್ಣ ಸಣ್ಣವು. ಈ ಗಡಿಯಾರ ಹೇಗೆ ಓಡುತ್ತದೆ ಎಂದು ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಹಗಲಲ್ಲಿ ಚರ್ಮ ಕಾವಲು ಕಾಯುತ್ತದೆ, ರಾತ್ರಿ ರಿಪೇರಿಗೆ ಕೂರುತ್ತದೆ. ಹೊಸ ಜೀವಕೋಶ ಹುಟ್ಟುವುದು ರಾತ್ರಿಯ ಹೊತ್ತು ಜಾಸ್ತಿ. ಅದೇ ಹೊತ್ತಿಗೆ ಚರ್ಮದಿಂದ ನೀರು ಆವಿಯಾಗುವುದೂ ಜಾಸ್ತಿ, ಚರ್ಮ ಬೆಚ್ಚಗಾಗುವುದೂ ಆಗಲೇ. ಉರಿಯೂತ ಅಡಗಿಸುವ ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತಳ ಮುಟ್ಟಿರುತ್ತದೆ. ಕಜ್ಜಿ, ಇಸುಬು ಇರುವವರಿಗೆ ದೀಪ ಆರಿಸಿದ ಕೂಡಲೇ ಕೆರೆತ ಶುರುವಾಗುವುದು ಇದಕ್ಕೇ. ಸುಮ್ನೆ ಮನಸ್ಸಿನ ಭ್ರಮೆ ಅಲ್ಲ. ಕೆರೆದರೆ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಮಾರನೆಯ ದಿನ ಸಿಡುಕು, ಸಿಡುಕಿದರೆ ಮತ್ತೆ ಕೆರೆತ.

ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ರಾತ್ರಿಯ ಬೆಳಕು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಕೆಜಿಎಫ್ ಗಣಿಗೆ. ಬೆಂಗಳೂರಿನ ಬೀದಿದೀಪಗಳಿಗಿಂತ ಮೂರು ವರ್ಷ ಮೊದಲು. ಹಗಲು ರಾತ್ರಿ ಪಾಳಿಯಲ್ಲಿ ಗಣಿಗೆ ಇಳಿದವರ ಮೊಮ್ಮಕ್ಕಳು ಗಣಿ 2001ರಲ್ಲಿ ಮುಚ್ಚಿದ ಮೇಲೆ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಕೆಜಿಎಫ್ ಪಕ್ಕದ ಮಾರಿಕುಪ್ಪಂನಿಂದ ಬೆಂಗಳೂರಿಗೆ, ಮತ್ತೆ ಬೆಂಗಳೂರಿನಿಂದ ಮಾರಿಕುಪ್ಪಂಗೆ. ನೈಟ್ ಶಿಫ್ಟ್ ಇಲ್ಲದಿದ್ದರೂ ಅವರ ನಿದ್ದೆಯನ್ನು ರೈಲು ತಿನ್ನುತ್ತದೆ. ದೊಡ್ಡವರಿಗೆ ರಾತ್ರಿ ಕಡಿಮೆ ಅಂದರೂ 7 ಗಂಟೆಯಷ್ಟು ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಅದು ಭಾನುವಾರದ ಮಾತು.

ಇಲ್ಲಿ ನನ್ನ ಚಿಕ್ಕಪ್ಪನ ನೆನಪಾಗುತ್ತದೆ. ವೇಮಗಲ್ ಹತ್ತಿರ ಅವರದು ರೇಷ್ಮೆ ಸಾಕಣೆ. ರೇಷ್ಮೆಹುಳ ಇಪ್ಪತ್ತೈದು ಚಿಲ್ಲರೆ ದಿನದಲ್ಲಿ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮೊದಲು ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲ್ಲಾಡದೆ ನಿಂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಹುಳ ಜ್ವರಕ್ಕೆ ಕೂತರೆ ಚಿಕ್ಕಪ್ಪ ಮನೆಯಲ್ಲಿ ಯಾರನ್ನೂ ಹುಳದ ಮನೆಯ ಕಡೆ ಬಿಡುವುದಿಲ್ಲ. ಸೊಪ್ಪು ಹಾಕುವುದು ನಿಲ್ಲುತ್ತದೆ, ತಟ್ಟೆಗಳ ಮೇಲೆ ತೆಳ್ಳಗೆ ಸುಣ್ಣ ಉದುರುತ್ತದೆ. ಜ್ವರದಲ್ಲಿ ಅಲುಗಿಸಿದರೆ ಹಳೆ ಚರ್ಮ ಸರಿಯಾಗಿ ಬಿಡುವುದಿಲ್ಲ, ಹುಳ ಕುಗ್ಗುತ್ತದೆ, ಗೂಡು ಸಣ್ಣದಾಗುತ್ತದೆ ಎಂಬುದು ಅವರ ಲೆಕ್ಕ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ರಾಕ್ಷಸ ಹಸಿವು. ಆ ಒಂದು ವಾರ ಚಿಕ್ಕಪ್ಪ ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಿ, ನಸುಕಿಗೆ ಮತ್ತೆ ಏಳುತ್ತಾರೆ. ಹುಳ ಹಣ್ಣಾಗಿ ಗೂಡು ಕಟ್ಟುವ ತಟ್ಟೆ, ಅಂದರೆ ಚಂದ್ರಿಕೆ ಹತ್ತುವ ದಿನವಂತೂ ಕಣ್ಣಿಗೆ ಕಣ್ಣು ಹಚ್ಚುವುದಿಲ್ಲ. ಪ್ರತಿ ಬೆಳೆಗೂ ಆ ವಾರದಲ್ಲೇ ಅವರ ಅಂಗೈ ಬಿರಿಯುತ್ತದೆ. ಸುಣ್ಣ, ಬ್ಲೀಚಿಂಗ್ ಪೌಡರ್ ಕಾರಣ ಅನ್ನುತ್ತಾರೆ. ಸುಣ್ಣ ಇಡೀ ಬೆಳೆಯ ಉದ್ದಕ್ಕೂ ಮುಟ್ಟುತ್ತಾರಲ್ಲ, ಬಿರಿಯುವುದು ಮಾತ್ರ ಕೊನೆಯ ವಾರದಲ್ಲಿ. ಸೂರು ಗಟ್ಟಿ ಇದ್ದಾಗ ಸುಣ್ಣವನ್ನೂ ತಡೆಯುತ್ತದೆ, ನಿದ್ದೆ ಇಲ್ಲದ ವಾರದಲ್ಲಿ ತಡೆಯಲಾರದು ಅಂತ ನನ್ನ ಊಹೆ.

ಒತ್ತಡ ಅಂದ ಕೂಡಲೇ ಫ್ಯಾಕ್ಟರಿ, ಆಫೀಸು ನೆನೆಯುತ್ತೇವೆ. ಕೋಲಾರದಲ್ಲಿ ಒತ್ತಡದ ಅಳತೆಗೋಲು ಟೊಮೆಟೊ ಬಾಕ್ಸು. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು. ಕಳ್ಳರ ಭಯಕ್ಕೆ ತೋಟದಲ್ಲೇ ರಾತ್ರಿ ಕಳೆದವರಿದ್ದರು. ರೇಟು ಬಿದ್ದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡಿದ್ದೇವೆ. ನಮ್ಮ ಬೀದಿಯ ಹಿರಿಯ ರೈತರೊಬ್ಬರಿಗೆ ಸೋರಿಯಾಸಿಸ್ ಇದೆ. "ನನ್ನ ಮೊಣಕಾಲು ನೋಡಿದ್ರೆ ಮಾರ್ಕೆಟ್ ರೇಟು ಗೊತ್ತಾಗುತ್ತೆ" ಅಂತ ನಗುತ್ತಾರೆ. ತಮಾಷೆಯಲ್ಲಿ ಹುರುಳಿದೆ. ಸೋರಿಯಾಸಿಸ್ ಒತ್ತಡದಿಂದ ಹುಟ್ಟುವ ಕಾಯಿಲೆ ಅಲ್ಲ, ರೋಗನಿರೋಧಕ ವ್ಯವಸ್ಥೆಯದು. ಒತ್ತಡ ಅದನ್ನು ಕೆರಳಿಸುತ್ತದೆ. ಚರ್ಮಕ್ಕೂ ನರಗಳಿಗೂ ಹಳೆಯ ನಂಟು. ತಾಯಿಯ ಹೊಟ್ಟೆಯಲ್ಲಿ ಭ್ರೂಣದ ಒಂದೇ ಪದರದಿಂದ ಎರಡೂ ಮೂಡುತ್ತವೆ. ಮನಸ್ಸು ಕುದಿದಾಗ ಚರ್ಮದಲ್ಲಿರುವ ನರದ ತುದಿಗಳು ಅಲ್ಲೇ ಉರಿಯೂತದ ರಾಸಾಯನಿಕ ಬಿಡುತ್ತವೆ.

ಎಲ್ಲವನ್ನೂ ನಿದ್ದೆಯ ತಲೆಗೆ ಕಟ್ಟುವುದೂ ತಪ್ಪು. ಕಣ್ಣ ಕೆಳಗಿನ ಕಪ್ಪನ್ನೇ ತಗೊಳ್ಳಿ. 2010ರಲ್ಲಿ ಸ್ವೀಡನ್ನಿನಲ್ಲಿ 23 ಜನರ ಫೋಟೋ ತೆಗೆದರು, ಚೆನ್ನಾಗಿ ಮಲಗೆದ್ದ ಮೇಲೆ ಒಮ್ಮೆ, ನಿದ್ದೆಗೆಟ್ಟ ಮೇಲೆ ಒಮ್ಮೆ. ಯಾವುದು ಯಾವಾಗಿನದು ಎಂದು ತಿಳಿಯದವರೂ ನಿದ್ದೆಗೆಟ್ಟ ಮುಖಕ್ಕೆ ಆರೋಗ್ಯದಲ್ಲೂ ಅಂದದಲ್ಲೂ ಕಡಿಮೆ ಅಂಕ ಕೊಟ್ಟರು. ಸರಿ. ಆದರೆ ನಮ್ಮ ಜನರಲ್ಲಿ ಈ ಕಪ್ಪು ಎಷ್ಟೋ ಸಲ ಅಪ್ಪ ಅಮ್ಮನಿಂದ ಬಂದ ಬಳುವಳಿ. ಅಲರ್ಜಿಗೆ ಕಣ್ಣುಜ್ಜುವುದರಿಂದಲೂ ಬರುತ್ತದೆ. ರಕ್ತಹೀನತೆ ಇದ್ದರೆ ಎದ್ದು ಕಾಣುತ್ತದೆ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅಂಥವರಿಗೆ ಸೌತೆಕಾಯಿ ಹೋಳಿಗಿಂತ ಹಿಮೋಗ್ಲೋಬಿನ್ ಟೆಸ್ಟ್ ಉಪಯೋಗಕ್ಕೆ ಬರುತ್ತದೆ.

ಈಗ ಸಕ್ಕರೆಯ ಮಾತು. ಕುತ್ತಿಗೆ ಹಿಂದೆ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗುವುದನ್ನು ನೋಡಿರುತ್ತೀರಿ. ಕೊಳೆ ಅಂತ ಸ್ಕ್ರಬ್ಬರಿನಲ್ಲಿ ತಿಕ್ಕುತ್ತಾರೆ, ಮಕ್ಕಳಿಗೆ ಬೈಯುತ್ತಾರೆ. ಕೊಳೆ ಅಲ್ಲ ಅದು. ಬಹಳ ಸಲ ಮೈ ಇನ್ಸುಲಿನ್ ಮಾತು ಕೇಳುತ್ತಿಲ್ಲ ಎಂಬುದರ ಗುರುತು. ನಿದ್ದೆಗೇಡು ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ, ಶಿಕಾಗೋದ ಆ ಯುವಕರಲ್ಲಿ ಕಂಡ ಹಾಗೆ. ಪಾಳಿ ಕೆಲಸ, ರಾತ್ರಿ ಎರಡಕ್ಕೆ ಟೀ ಜೊತೆ ಬನ್ನು, ಏರುವ ತೂಕ, ಕಪ್ಪಾಗುವ ಕುತ್ತಿಗೆ ಒಂದೇ ಸರಪಳಿಯ ಕೊಂಡಿಗಳು. ತಿಕ್ಕುವ ಬದಲು ಒಮ್ಮೆ ಶುಗರ್ ನೋಡಿಸಬೇಕು.

ಕೂದಲಿನದು ಇನ್ನೊಂದು ಬಗೆ. ದೊಡ್ಡ ಜ್ವರ, ಹೆರಿಗೆ, ಮನೆಯಲ್ಲಿ ಸಾವು, ಇಂಥದ್ದಾದ ಎರಡು ಮೂರು ತಿಂಗಳ ಮೇಲೆ ಹಿಡಿಹಿಡಿಯಾಗಿ ಉದುರುತ್ತದೆ. ಅಷ್ಟರಲ್ಲಿ ಕಾರಣ ಮರೆತುಹೋಗಿರುತ್ತದೆ, ಬೋರ್‌ವೆಲ್ ನೀರಿಗೆ ಬೈಗುಳ. ನಮ್ಮ ಗಡಸು ನೀರು ಚರ್ಮ ಒಣಗಿಸುತ್ತದೆ ನಿಜ, ಸೋಪನ್ನು ಮೈಮೇಲೇ ಉಳಿಸುತ್ತದೆ. ಆದರೆ ಅದೇ ನೀರಲ್ಲಿ ಹೋದ ವರ್ಷವೂ ಸ್ನಾನ ಮಾಡಿದ್ದೇವಲ್ವಾ?

ಅಕ್ಕನ ಮಗಳನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಖ ನೋಡುವ ಮೊದಲು ಕೇಳಿದ್ದು, "ಯಾವ ಶಿಫ್ಟಮ್ಮಾ?" ದಿನಕ್ಕೆ ಇಂಥವರನ್ನು ಎಷ್ಟು ಜನ ನೋಡುತ್ತಾರೋ. ಟ್ಯೂಬನ್ನು ಹೇಗೆ ಬಿಡಬೇಕು ಎಂದು ಬರೆದುಕೊಟ್ಟರು. ಏಕಾಏಕಿ ಬಿಟ್ಟರೆ ಕೆರಳುತ್ತದೆ, ಹಾಗಾಗಿ ಬಿಡಿಸುವುದೂ ಒಂದು ಚಿಕಿತ್ಸೆಯೇ. ಮುಖಕ್ಕೆ ಸಾದಾ ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್. ಕೊಬ್ಬರಿ ಎಣ್ಣೆ ಕೈಕಾಲಿಗೆ ಹಚ್ಚು, ಮೊಡವೆ ಇರುವ ಮುಖಕ್ಕೆ ಬೇಡ ಅಂದರು, ರಂಧ್ರ ಕಟ್ಟುತ್ತದಂತೆ. ಉಳಿದ ಮಾತೆಲ್ಲ ನಿದ್ದೆಯದ್ದು. ನೈಟ್ ಶಿಫ್ಟ್ ವಾರದಲ್ಲಿ ಬಸ್ಸು ಹತ್ತಿದಾಗಲೇ ಕಪ್ಪು ಕನ್ನಡಕ ಹಾಕು, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳು ಬೆಳಗಾಯಿತು ಅಂದುಕೊಳ್ಳುತ್ತದೆ. ಪಾಳಿಯ ಕೊನೆಯ ಅರ್ಧದಲ್ಲಿ ಟೀ, ಕಾಫಿ ಬೇಡ. ರೂಮಿನ ಕಿಟಕಿಗೆ ಕತ್ತಲು ಮಾಡು. ಅವಳು ಹಳೆ ರಟ್ಟಿನ ಡಬ್ಬ ಬಿಚ್ಚಿ ಕಿಟಕಿಗೆ ಅಂಟಿಸಿದಳು. ಚೆನ್ನಾಗಿ ಕೆಲಸ ಮಾಡುತ್ತಿದೆ. ಕೆಳಗಿನ ಗೂಡ್ಸ್ ಆಟೋದ ಸ್ಪೀಕರಿಗೆ ಮಾತ್ರ ಇನ್ನೂ ಔಷಧ ಸಿಕ್ಕಿಲ್ಲ.

ಇಷ್ಟೆಲ್ಲ ಹುಡುಗಿಯ ತಲೆಗೇ ಹೊರಿಸಿ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡು ದಿನಕ್ಕೆ 12 ಗಂಟೆವರೆಗೆ ಕೆಲಸಕ್ಕೆ ದಾರಿ ಮಾಡಿತು. ಹೆಂಗಸರ ನೈಟ್ ಶಿಫ್ಟ್‌ಗೂ ಷರತ್ತುಗಳೊಡನೆ ಅವಕಾಶ ಕೊಟ್ಟಿತು. ಷರತ್ತುಗಳಲ್ಲಿ ಬಸ್ಸು, ಸಿಸಿಟಿವಿ, ಭದ್ರತೆಯ ಮಾತು ಬರುತ್ತದೆ. ಬೇಕಾದದ್ದೇ. ಆದರೆ ಪಾಳಿ ಯಾವ ದಿಕ್ಕಿಗೆ ತಿರುಗಬೇಕು ಎಂಬುದರ ಚರ್ಚೆ ನಮ್ಮಲ್ಲಿ ಕೇಳಿಬರುವುದೇ ಇಲ್ಲ. ಬೆಳಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ ಎಂದು ಮುಂದಕ್ಕೆ ಸರಿದರೆ ಮೈಗೆ ಹೊಂದಿಕೊಳ್ಳುವುದು ಸುಲಭ. ಹಿಂದಕ್ಕೆ ಸರಿದರೆ ಕಷ್ಟ. ಪಾಳಿ ಪಟ್ಟಿ ಬದಲಿಸಲು ಕಾಸು ಖರ್ಚಿಲ್ಲ. ನನಗೆ ಗೊತ್ತಿರುವ ಇನ್ನೊಬ್ಬ ಹುಡುಗಿಯ ಕಂಪನಿಯಲ್ಲಿ ಪಾಳಿ ಹಿಂದಕ್ಕೇ ತಿರುಗುತ್ತದೆ. ಮಹಿಳಾ ದಿನಾಚರಣೆಗೆ ಮಾತ್ರ ಎಲ್ಲರಿಗೂ ಒಂದೊಂದು ಫೇಸ್‌ವಾಶ್ ಕೊಟ್ಟರಂತೆ.

ಟ್ಯೂಬಿನ ಕಾನೂನಿನ ಕತೆಯೂ ಹೀಗೇ. ಚೀಟಿ ಇದ್ದರಷ್ಟೇ ಮಾರಬೇಕಾದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಅಂತಾರೆ. ಮೈಗೆ ಹಚ್ಚುವ ಸ್ಟೀರಾಯ್ಡ್‌ಗಳಿಗೆ ಹಿಂದೆ ಅದರಲ್ಲಿ ವಿನಾಯಿತಿ ಇತ್ತು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಅಂಥ 14 ಔಷಧಗಳನ್ನು ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಗಜಕರ್ಣಕ್ಕೆ ಅಂತ ಜನ ಕೇಳಿ ಪಡೆಯುವ ಮಿಕ್ಸ್ ಕ್ರೀಮುಗಳಲ್ಲೂ ಕ್ಲೊಬೆಟಾಸಾಲ್‌ನಂಥ ಜೋರು ಸ್ಟೀರಾಯ್ಡ್ ಇರುತ್ತದೆ. ತುರಿಕೆ ನಿಲ್ಲುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. ಕೌಂಟರಿನಲ್ಲಿ ನಿಂತು ಕೇಳಿ ನೋಡಿ, ಚೀಟಿ ಎಲ್ಲಿ ಅಂತ ಎಷ್ಟು ಜನ ಕೇಳುತ್ತಾರೆ ಅಂತ.

ಚರ್ಮಕ್ಕೆ ದುಬಾರಿ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ವಿಭಾಗವಿದೆ. ನಿದ್ದೆಯೇ ಬಾರದಷ್ಟು ಮನಸ್ಸು ಕಲಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಅಕ್ಕನ ಮಗಳ ಮುಖ ಈಗ ಎಷ್ಟೋ ಪರವಾಗಿಲ್ಲ. ಕೆಂಪು ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ನೈಟ್ ಶಿಫ್ಟ್ ವಾರದಲ್ಲಿ ಇನ್ನೂ ಒಂದೆರಡು ಮೊಡವೆ ಬರುತ್ತವೆ, ಬೆಳಗಿನ ಪಾಳಿಯ ವಾರದಲ್ಲಿ ಹೋಗುತ್ತವೆ. ಮೊನ್ನೆ ಬಂದಾಗ ದುಪಟ್ಟಾ ಹೆಗಲ ಮೇಲಿತ್ತು.

"ಆ ಟ್ಯೂಬ್ ಅರ್ಧ ಉಳಿದಿತ್ತಲ್ಲ, ಬಿಸಾಕಿದ್ಯಾ?" ಅಂತ ಕೇಳಿದೆ.

"ಇಲ್ಲ ಮಾಮ, ರೂಮ್‌ಮೇಟ್ ತಗೊಂಡ್ಳು. ಬೇಡ ಅಂದ್ರೂ ಕೇಳ್ಲಿಲ್ಲ. ಮುಂದಿನ ತಿಂಗಳು ಅವಳ ಮದುವೆ."